ಕಚ್ಚು ಇದ್ದ ಕಡೆ ಕಾಲು

ಸೊಸೆ ಎರಡು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಒಂದು ಹೊಸ ಇಂಗ್ಲಿಷ್ ಅಕ್ಷರಮಾಲೆ ಬರೆದಿದ್ದಳು. ಇನ್ನು ನಾಲ್ಕು ದಿನಕ್ಕೆ ಅದನ್ನು ಸಾರಿಗೆ ಕಚೇರಿಗೆ ಒಪ್ಪಿಸಿ ಕೈ ತೊಳೆದುಕೊಳ್ಳಬೇಕು ಅನ್ನುವಾಗ, ಒಂದು ಬೆಳಿಗ್ಗೆ ಅಂಚೆಯವನು ಉದ್ದನೆಯ ರಟ್ಟಿನ ಕೊಳವೆಯೊಂದನ್ನು ಕೊಟ್ಟು, ಸಹಿ ಹಾಕಿಸಿಕೊಂಡು ಹೋದ. ಅವನು ಮೆಟ್ಟಿಲಿಳಿಯುತ್ತಿದ್ದ ಹಾಗೆಯೇ ಅವಳ ನೆಮ್ಮದಿಯೂ ಅವನ ಹಿಂದೆಯೇ ಇಳಿದು ಹೋಯಿತು.

ಕೊಳವೆಯೊಳಗೆ ಏನಿತ್ತು ಅನ್ನುವುದಕ್ಕೆ ಮೊದಲು ಈ ಮನೆಯವರ ಕಸುಬು ತಿಳಿದಿರಬೇಕು. ಇಲ್ಲದಿದ್ದರೆ ಇಷ್ಟಕ್ಕೆಲ್ಲ ಯಾಕೆ ಇಷ್ಟೊಂದು ಗೋಳು ಅನ್ನಿಸುತ್ತದೆ.

ಮನೆಯಲ್ಲಿ ಮೂರು ಜನ. ಮಾವನಿಗೆ ಎಂಬತ್ತೊಂದು. ಮೂವತ್ತನಾಲ್ಕು ವರ್ಷ ಅಚ್ಚುಮೊಳೆ ಕಾರ್ಖಾನೆಯಲ್ಲಿ ಸೀಸ ಕಾಯಿಸಿ ಅಕ್ಷರಗಳನ್ನು ಎರಕ ಹೊಯ್ದವರು. ಈಗ ಎರಡೂ ಕಣ್ಣಿಗೆ ಪೊರೆ, ಆದರೆ ಬಾಯಿಗೆ ಯಾವ ಪೊರೆಯೂ ಬಂದಿರಲಿಲ್ಲ. ಅವರ ಮಗ, ಅಂದರೆ ಇವಳ ಗಂಡ, ಕಟ್ಟಿಸಿಕೊಳ್ಳುವ ಹಲ್ಲಿನ ಸೆಟ್ಟು ಮಾಡುವವನು. ಡಾಕ್ಟರಲ್ಲ, ಡಾಕ್ಟರು ಕಳಿಸಿದ ಅಚ್ಚು ನೋಡಿ ಹಲ್ಲು ಕೂರಿಸುವವನು. "ಅಪ್ಪ ಅಕ್ಷರ ಎರಕ ಹೊಯ್ದ್ರು, ನಾನು ಹಲ್ಲು ಹೊಯ್ತೀನಿ. ಎರಡೂ ಇಲ್ದಿದ್ರೆ ಮಾತಾಡೋಕಾಗಲ್ಲ" ಅನ್ನುವುದು ಅವನ ಹಳೆಯ ಜೋಕು. ಅದಕ್ಕೆ ನಗುತ್ತಿದ್ದವನು ಅವನೊಬ್ಬನೇ. ಸೊಸೆ ಕಂಪ್ಯೂಟರಿಗೆ ಅಕ್ಷರ ಬರೆಯುವವಳು, ಫಾಂಟು ಮಾಡುವವಳು. ಮಾವನ ಕಸುಬಿನ ಮೊಮ್ಮಗಳಂಥ ಕಸುಬು.

ಅಕ್ಷರಗಳ ತುದಿಯಲ್ಲಿ ಗೆಜ್ಜೆ ಕಟ್ಟಿದ ಹಾಗೆ ಸಣ್ಣ ಸಣ್ಣ ಅಡ್ಡಗೀರು ಇರುತ್ತವಲ್ಲ, ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ನೋಡಿರುತ್ತೀರಿ. ಆ ಗೆಜ್ಜೆ ಬಿಚ್ಚಿಟ್ಟ ಜಾತಿಗೆ ಸ್ಯಾನ್ಸ್ ಸೆರಿಫ್ ಅನ್ನುತ್ತಾರೆ. ಮಾವ ಅದನ್ನು ಬೋಳಕ್ಷರ ಅನ್ನುತ್ತಿದ್ದರು. ಅರವತ್ತು ವರ್ಷದ ಹಿಂದೆ ಅವರ ಕಾರ್ಖಾನೆಯಲ್ಲಿ ಒಂದು ಬೋಳಕ್ಷರ ಹುಟ್ಟಿತ್ತು. ಬರೀ ದೊಡ್ಡಕ್ಷರ, ಚಿಕ್ಕಕ್ಷರ ಇಲ್ಲ. ಬಸ್ಸಿನ ವೇಳಾಪಟ್ಟಿ, ಔಷಧಿ ಡಬ್ಬಿ, ಸಿನಿಮಾ ಚೀಟಿ, ಸತ್ತವರ ಸುದ್ದಿ, ಎಲ್ಲಕ್ಕೂ ಅದೇ. ಊರಿಗೆ ಊರೇ ಆ ಅಕ್ಷರದಲ್ಲಿ ಓದಿ ಬೆಳೆದಿತ್ತು. ಆಮೇಲೆ ಕಂಪ್ಯೂಟರು ಬಂತು, ಕಾರ್ಖಾನೆ ಮುಚ್ಚಿತು, ಸೀಸವನ್ನು ಕರಗಿಸಿ ಮಾರಿದರು. ಈಗ ಸಾರಿಗೆ ಕಚೇರಿಯವರಿಗೆ ಹೊಸ ನಿಲ್ದಾಣಗಳ ಬೋರ್ಡಿಗೆ ಹಳೆಯ ನೆನಪಿನ ಹೊಸ ಅಕ್ಷರ ಬೇಕಿತ್ತು. ನಕಲು ಬೇಡ, ಛಾಯೆ ಸಾಕು ಅಂದರು. ಆ ಕೆಲಸ ಸೊಸೆಗೆ ಬಂತು.

ಅವಳಿಗೆ ಕೆಲಸ ಗೆದ್ದುಕೊಟ್ಟದ್ದು ಒಂದೇ ಒಂದು ಅಕ್ಷರ: ಎಸ್.

ಎಲ್ಲಾ ಕಡೆ ಎಸ್ ಹೇಗಿರುತ್ತದೆ? ದೊಡ್ಡ ಗಡಿಗೆಯ ಮೇಲೆ ಚಿಕ್ಕ ಗಡಿಗೆ ಇಟ್ಟ ಹಾಗೆ ಕೆಳಗಿನ ಸುತ್ತು ದಪ್ಪ, ಮೇಲಿನದು ಸಣ್ಣ. ಹಾಗಿದ್ದರೇ ಕಣ್ಣಿಗೆ ಅದು ನಿಂತ ಹಾಗೆ ಕಾಣುವುದು. ಆದರೆ ಆ ಹಳೆಯ ಬೋಳಕ್ಷರದ ಎಸ್ ಮಾತ್ರ ತಲೆದಪ್ಪ. ಮೇಲೆ ದೊಡ್ಡ ಗಡಿಗೆ, ಕೆಳಗೆ ಚಿಕ್ಕದು. ಸಾಲದ್ದಕ್ಕೆ ಸಾಲಿನಲ್ಲಿ ಒಂದು ಕೂದಲೆಳೆಯಷ್ಟು ಮೇಲಕ್ಕೆ ನೆಗೆದು ನಿಂತಿರುತ್ತಿತ್ತು. ಸೊಸೆ ಅದನ್ನು ಕಂಡು ಮರುಳಾದಳು. ಕಚೇರಿಯ ಇಂಜಿನಿಯರುಗಳ ಮುಂದೆ ನಿಂತು, "ಈ ಎಸ್ ನೋಡಿ ಸಾರ್, ಪ್ರಯಾಣಿಕನ ಕಡೆ ಬಗ್ಗಿ, ಎಲ್ಲಿಗಪ್ಪಾ ಹೋಗ್ಬೇಕು ಅಂತ ಕೇಳೋ ಹಾಗಿದೆ. ಇದನ್ನ ಬರೆದವರು ಎಂಥಾ ಧೈರ್ಯದ ಮನುಷ್ಯ ಇರ್ಬೇಕು!" ಅಂದಿದ್ದಳು. ಹಿರಿಯ ಇಂಜಿನಿಯರು ಕನ್ನಡಕ ತೆಗೆದು ಒರೆಸಿಕೊಂಡಿದ್ದರು. ಅವತ್ತೇ ಒಪ್ಪಿಗೆ.

ಅವಳು ಎಸ್ಸನ್ನು ಹಾಗೇ ಎತ್ತಿಕೊಳ್ಳಲಿಲ್ಲ, ಅಷ್ಟು ಕೈಲಾಗದವಳಲ್ಲ. ಆ ತಲೆಭಾರವನ್ನು ಮಿಕ್ಕ ಅಕ್ಷರಗಳಿಗೂ ಹಂಚಿದಳು. ಬಿ ಅಕ್ಷರದ ಮೇಲಿನ ಹೊಟ್ಟೆ ದಪ್ಪವಾಯಿತು, ಆರ್ ಅಕ್ಷರದ ಭುಜ ಅಗಲವಾಯಿತು, ಮೂರು ಮತ್ತು ಎಂಟರ ಅಂಕಿಗಳು ಟೋಪಿ ಹಾಕಿಕೊಂಡ ಹಾಗಾದವು. ಒಟ್ಟಿಗೆ ಇಟ್ಟು ನೋಡಿದರೆ ಒಂದೇ ಮನೆಯ ಮಕ್ಕಳು. ಇಡೀ ಸಂಸಾರ ಎಸ್ ಒಂದರ ಮೇಲೆ ನಿಂತಿತ್ತು. ಆ ಒಂದು ಕಂಬ ಅಲ್ಲಾಡಿದರೆ ಎರಡು ವರ್ಷದ ಕೆಲಸವೆಲ್ಲ ಮಣ್ಣುಪಾಲು.

ಆ ಕಂಬವನ್ನು ಅಲ್ಲಾಡಿಸಲಿಕ್ಕೇ ಬಂದಿತ್ತು ಆ ಕೊಳವೆ.

ಕಳಿಸಿದ್ದು ಹಳೆಯ ಬೋಳಕ್ಷರ ಬರೆದ ಕಲಾವಿದರ ಮೊಮ್ಮಗಳು. ಅವರು ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು. ಅಟ್ಟ ಗುಡಿಸುವಾಗ ಅವರ ಕೈಬರಹದ ಮೂಲ ಹಾಳೆ ಸಿಕ್ಕಿತೆಂದೂ, ಇವಳ ಕೆಲಸದ ಸುದ್ದಿ ಪೇಪರಿನಲ್ಲಿ ಓದಿದ್ದರಿಂದ ಕಳಿಸುತ್ತಿದ್ದೇನೆಂದೂ ಚೀಟಿ ಬರೆದಿದ್ದಳು. ಕೊನೆಗೆ ಒಂದು ಸಾಲು: "ತಾತ ಬಸ್ಸಿನ ವೇಳಾಪಟ್ಟಿ ನೋಡಿದಾಗಲೆಲ್ಲ ಹಲ್ಲುನೋವು ಬಂದವರ ಹಾಗೆ ಮುಖ ಮಾಡುತ್ತಿದ್ದರಂತೆ. ಯಾಕೆ ಅಂತ ಯಾರಿಗೂ ಗೊತ್ತಿಲ್ಲ."

ಸೊಸೆ ಹಾಳೆ ಬಿಡಿಸಿ ಮೇಜಿನ ಮೇಲೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಲೋಟ ಇಟ್ಟಳು. ಎ, ಬಿ, ಸಿ ನೋಡುತ್ತ ಬಂದು ಎಸ್ಸಿನ ಹತ್ತಿರ ನಿಂತಳು. ಎಸ್ಸಿನ ತಲೆ ಸಣ್ಣಗಿತ್ತು, ಬುಡ ದಪ್ಪಗಿತ್ತು. ಎಲ್ಲರ ಮನೆಯ ಎಸ್ಸಿನ ಹಾಗೆ.

ಹಾಳೆಯನ್ನೇ ತಲೆಕೆಳಗಾಗಿ ಇಟ್ಟಿದ್ದೇನೆ ಅಂದುಕೊಂಡು ತಿರುಗಿಸಿದಳು. ಈಗ ಎಸ್ ಅವಳ ಎಸ್ಸಾಯಿತು, ಆದರೆ ಎ ಶೀರ್ಷಾಸನ ಹಾಕಿತು. ಮತ್ತೆ ತಿರುಗಿಸಿದಳು. ಎ ಎದ್ದು ನಿಂತಿತು, ಎಸ್ ಬಿತ್ತು. ಹೀಗೆ ನಾಲ್ಕು ಸಲ ತಿರುಗಿಸಿದ್ದನ್ನು ಬಾಗಿಲಲ್ಲಿ ನಿಂತು ಗಂಡ ನೋಡುತ್ತಿದ್ದ.

"ಏನೇ, ರೊಟ್ಟಿ ಬೇಯಿಸ್ತಿದ್ದೀಯಾ?"

"ಇಲ್ಲಿ ಬನ್ನಿ. ಈ ಎಸ್ ನೋಡಿ. ಈಗ ನನ್ನದು ನೋಡಿ. ಏನು ವ್ಯತ್ಯಾಸ?"

ಅವನು ನೋಡಿದ. ಕನ್ನಡಕ ಹಾಕಿಕೊಂಡು ನೋಡಿದ. "ಎರಡೂ ಎಸ್ಸೇ ಅಲ್ವಾ?"

"ಹೋಗ್ರೀ. ಒಂದಕ್ಕೆ ತಲೆ ದಪ್ಪ!"

"ನಮ್ಮ ಸೋದರತ್ತೆಗೂ ದಪ್ಪ. ಅವರನ್ನ ಯಾರಾದ್ರೂ ತಲೆಕೆಳಗು ಮಾಡಿ ನೋಡಿದ್ರಾ?" ಅಂದು ಅವನು ಹಲ್ಲಿನ ಕೋಣೆಗೆ ಹೋದ.

ಸೊಸೆ ಯೋಚಿಸಿದಳು. ಇದು ಮೊದಲ ಕರಡು ಇರಬೇಕು, ಆಮೇಲೆ ಬದಲಾಯಿಸಿದ್ದಾರೆ. ಆದರೆ ಹಾಳೆಯ ಮೂಲೆಯಲ್ಲಿ ಕಾರ್ಖಾನೆಯ ಮೊಹರಿತ್ತು, ಅಂತಿಮ ಅಂತ ಬರೆದಿತ್ತು. ಹಾಗಾದರೆ ಕೈತಪ್ಪೇ? ಇಷ್ಟು ನೇರ ಗೆರೆ ಎಳೆದ ಕೈ ಒಂದೇ ಅಕ್ಷರದಲ್ಲಿ ತಪ್ಪುವುದೇ? ಅಥವಾ ತಾನೇ ಎರಡು ವರ್ಷ ತಪ್ಪು ನೋಡಿದೆನೇ?

ಮನೆಯಲ್ಲಿ ಕೂತರೆ ತಲೆ ಸಿಡಿಯುತ್ತದೆಂದು ಬೀದಿಗಿಳಿದಳು. ಅದೇ ತಪ್ಪಾಯಿತು. ಔಷಧಿ ಅಂಗಡಿಯ ಹಳೆಯ ಬೋರ್ಡಿನಲ್ಲಿ ಎಸ್ ತಲೆದಪ್ಪ, ಪಕ್ಕದ ಚಪ್ಪಲಿ ಅಂಗಡಿಯದು ಬುಡದಪ್ಪ. ಬ್ಯಾಂಕಿನದು ಎರಡೂ ಕಡೆ ಸಮ. ಒಂದೊಂದನ್ನೂ ನೋಡಿದ ಮೇಲೆ ಮುಂದಿನದು ತಲೆಕೆಳಗಾಗಿ ಕಾಣುತ್ತಿತ್ತು. ವಾಪಸ್ ಬಂದು ಮೊದಲಿನದನ್ನು ನೋಡಿದರೆ ಅದೂ ತಲೆಕೆಳಗು. ಸಲೂನಿನ ಮುಂದೆ ಅವಳು ಕತ್ತು ವಾರೆ ಮಾಡಿ ನಿಂತದ್ದನ್ನು ನೋಡಿ ಕ್ಷೌರಿಕ ಕತ್ತರಿ ಹಿಡಿದುಕೊಂಡೇ ಹೊರಗೆ ಬಂದ.

"ಏನಕ್ಕಾ, ಬೋರ್ಡ್ ಮೇಲೆ ಕಾಗೆ ಕೂತಿದೆಯಾ?"

"ನಿಮ್ಮ ಎಸ್ ಸರಿಯಾಗಿದೆಯಾ ಅಂತ ನೋಡ್ತಿದ್ದೆ."

ಅವನೂ ಕತ್ತು ವಾರೆ ಮಾಡಿದ. "ಹತ್ತೊಂಬತ್ತು ವರ್ಷ ಆಯ್ತು ಹಾಕ್ಸಿ. ಇವತ್ತಿನವರೆಗೂ ಸರಿ ಇತ್ತು." ಮತ್ತೊಮ್ಮೆ ಬೋರ್ಡು ನೋಡಿ, "ಯಾಕಕ್ಕಾ ಹಂಗೆ ಕೇಳಿದ್ರಿ? ಈಗ ನಂಗೂ ಒಂಥರಾ ಕಾಣ್ತಿದೆ" ಅಂದ. ಒಳಗೆ ಅರ್ಧ ತಲೆ ಕತ್ತರಿಸಿಕೊಂಡ ಗಿರಾಕಿ ಕೂಗುತ್ತಿದ್ದ.

ಮನೆಗೆ ಬಂದವಳಿಗೆ ಮಾವನ ಬಿಸ್ಕತ್ತಿನ ಡಬ್ಬಿ ನೆನಪಾಯಿತು. ಕಾರ್ಖಾನೆ ಮುಚ್ಚಿದ ದಿನ ಮಾವ ಒಂದು ಡಬ್ಬಿಯಷ್ಟು ಬೋಳಕ್ಷರದ ಮೊಳೆಗಳನ್ನು ಮನೆಗೆ ತಂದಿಟ್ಟುಕೊಂಡಿದ್ದರು. ಕೆಲಸ ಶುರು ಮಾಡುವಾಗ ಅವಳು ಅದರಿಂದಲೇ ಅಳತೆ ತೆಗೆದಿದ್ದಳು. ಡಬ್ಬಿಯ ತಳದಲ್ಲಿ ದಾರ ಕಟ್ಟಿದ ಕಾಗದದ ಪೊಟ್ಟಣವೊಂದಿತ್ತು. "ಬಿಡಿ ಮೊಳೆ ಎಷ್ಟು ಬೇಕಾದ್ರೂ ತಗೋ. ಆ ಪೊಟ್ಟಣ ಮಾತ್ರ ಮುಟ್ಟಬೇಡ" ಅಂದಿದ್ದರು ಮಾವ. ಅವಳು ಮುಟ್ಟಿರಲಿಲ್ಲ.

ಅಚ್ಚುಮೊಳೆ ಅಂದರೆ ಅರ್ಧ ಬೆರಳುದ್ದದ ಸೀಸದ ಕಡ್ಡಿ, ತುದಿಯಲ್ಲಿ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿದ ಅಕ್ಷರ. ಕಡ್ಡಿಯ ಒಂದು ಪಕ್ಕಕ್ಕೆ ಒಂದು ಕಚ್ಚು ಇರುತ್ತದೆ, ಉಗುರಿನಲ್ಲಿ ಗೀರಿದ ಹಾಗೆ. ಮೊಳೆ ಜೋಡಿಸುವವರು ಅಕ್ಷರ ನೋಡುವುದೇ ಇಲ್ಲ. ಹೆಬ್ಬೆರಳಿಗೆ ಕಚ್ಚು ಸಿಕ್ಕಿತೋ, ಅದು ಅಕ್ಷರದ ಕಾಲಿನ ಕಡೆ ಅಂತ ಲೆಕ್ಕ. "ಕಚ್ಚು ಇದ್ದ ಕಡೆ ಕಾಲು" ಅಂತ ಮಾವ ದಿನಕ್ಕೊಂದು ಸಲವಾದರೂ ಹೇಳುತ್ತಿದ್ದರು. ಸಂಬಂಧವಿರಲಿ ಬಿಡಲಿ, ಚಪ್ಪಲಿ ಬಿಡುವಾಗಲೂ.

ಸೊಸೆ ಬಿಡಿ ಮೊಳೆಗಳನ್ನು ಕಚ್ಚು ಕೆಳಗೆ ಬರುವ ಹಾಗೆ ಸಾಲಾಗಿ ಜೋಡಿಸಿ, ಮಸಿ ಸವರಿ ಕಾಗದ ಒತ್ತಿದಳು. ಎಸ್ ತಲೆದಪ್ಪ ಬಂತು. ಉಸಿರು ಬಿಟ್ಟಳು. ಸೀಸ ಸುಳ್ಳು ಹೇಳುವುದಿಲ್ಲ, ಹಾಳೆಯೇ ತಪ್ಪು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಆದರೆ ಕೈ ಸುಮ್ಮನಿರಬೇಕಲ್ಲ. ಪೊಟ್ಟಣದ ದಾರ ಬಿಚ್ಚಿದಳು. ಒಳಗೆ ಬರೀ ಎಸ್ಸುಗಳು, ನೂರರ ಹತ್ತಿರ, ಹೊಳೆಯುವ ಹೊಸವು, ಒಂದು ಸಲವೂ ಮಸಿ ಕಾಣದವು. ನಾಲ್ಕನ್ನು ಎತ್ತಿ, ಕಚ್ಚು ಕೆಳಗೆ ಮಾಡಿ ಒತ್ತಿದಳು. ತಲೆ ಸಣ್ಣ, ಬುಡ ದಪ್ಪ. ಪೊಟ್ಟಣದ ಕಾಗದದ ಮೇಲೆ ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಬರೆದಿತ್ತು: ತಲೆಕೆಳಗು. ವಾಪಸ್.

ಅವಳು ಅದನ್ನು ಎರಡು ಸಲ ಓದಿದಳು. ಸಣ್ಣ ತಲೆಯ ಎಸ್ ತಪ್ಪು ಅಂತ ವಾಪಸ್ ಬಂದಿದೆ. ಹಾಗಾದರೆ ದಪ್ಪ ತಲೆಯದೇ ಸರಿ. ಹಾಗಾದರೆ ಬರೆದವರೇ ತಪ್ಪು ಬರೆದರೇ? ತಮ್ಮ ಅಕ್ಷರವನ್ನು ತಾವೇ ತಲೆಕೆಳಗು ಬರೆದುಕೊಂಡರೇ? ಸರಿಯಾದದ್ದನ್ನು ಸರಿಪಡಿಸಿದವರು ಯಾರು? ಎಳೆ ಸಿಕ್ಕಿತು ಅನ್ನುವಷ್ಟರಲ್ಲಿ ಗಂಟು ಇನ್ನೊಂದು ಸುತ್ತು ಬೀಳುತ್ತಿತ್ತು.

ಅಷ್ಟರಲ್ಲಿ ಫೋನು. ಹಿರಿಯ ಇಂಜಿನಿಯರು.

"ಮೇಡಂ, ಶುಕ್ರವಾರಕ್ಕೆ ಖಂಡಿತ ತಾನೇ? ಬೋರ್ಡಿನವರು ಕತ್ತರಿಸೋಕೆ ಕಾಯ್ತಿದ್ದಾರೆ. ನಮ್ಮ ಸಾಹೇಬರ ಮುಂದೆ ನಿಮ್ಮ ಎಸ್ ಬಗ್ಗೆ ಭಾಷಣಾನೇ ಮಾಡ್ಬಿಟ್ಟೆ. ಎಲ್ಲಿಗಪ್ಪಾ ಹೋಗ್ಬೇಕು ಅಂತ ಕೇಳುತ್ತಲ್ಲ, ಅದನ್ನ ಹೇಳ್ದಾಗ ಸಾಹೇಬ್ರು ನಕ್ಕುಬಿಟ್ರು!"

"ಸಾರ್, ಆ ಎಸ್ ವಿಷಯದಲ್ಲಿ ಒಂದು ಸಣ್ಣ..."

"ಸಣ್ಣದು ಮಾಡ್ಬೇಡಿ ಮೇಡಂ, ದಪ್ಪಗೇ ಇರ್ಲಿ!" ಅಂದು ಫೋನಿಟ್ಟರು.

ಹಿಂದಿನಿಂದ ಕೋಲಿನ ಸದ್ದು. ಮಾವ ಗೋಡೆ ಹಿಡಿದುಕೊಂಡು ಬಂದರು. ಮೇಜಿನ ಮೇಲೆ ಏನಿದೆ ಅನ್ನುವುದು ಅವರಿಗೆ ಮಸುಕು ಮಸುಕು. ಕೈಯಾಡಿಸಿದರು. ಬಿಚ್ಚಿದ ದಾರ ಬೆರಳಿಗೆ ಸಿಕ್ಕಿತು. ಅಲ್ಲೇ ನಿಂತರು.

"ಬಿಚ್ಚಿದೆಯಾ?"

"ಬಿಚ್ಚಿದೆ ಮಾವ. ತಪ್ಪಾಯ್ತು. ಆದ್ರೆ ನಂಗೆ ತಲೆನೇ ಕೆಟ್ಟುಹೋಗಿದೆ. ಬರೆದವರ ಹಾಳೆ ಬಂದಿದೆ, ಅದ್ರಲ್ಲಿ ಎಸ್ ಒಂದು ಥರ. ನಿಮ್ಮ ಬಿಡಿ ಮೊಳೆ ಇನ್ನೊಂದು ಥರ. ಪೊಟ್ಟಣದ್ದು ಹಾಳೆ ಥರಾನೇ ಇದೆ, ಆದ್ರೆ ಅದೇ ತಪ್ಪು ಅಂತ ಬರೆದಿದ್ದಾರೆ. ಯಾವುದು ಸರಿ?"

ಮಾವ ಕುರ್ಚಿ ಹುಡುಕಿ ಕೂತರು. ಒಂದು ಮೊಳೆ ಎತ್ತಿ ಹೆಬ್ಬೆರಳಿನಿಂದ ಅದರ ಕಚ್ಚು ಸವರಿದರು. ಈ ಮನೆಗೆ ಅವಳು ಬಂದ ದಿನದಿಂದ ಅವರ ಬಾಯಲ್ಲಿ ಕೇಳಿದ್ದು ಒಂದೇ ಮಾತು: ಮೂವತ್ತನಾಲ್ಕು ವರ್ಷದಲ್ಲಿ ನನ್ನ ಕೈಯಿಂದ ಒಂದೇ ಒಂದು ತಪ್ಪಕ್ಷರ ಬಿದ್ದಿಲ್ಲ. ನೆಂಟರ ಮುಂದೆ, ಡಾಕ್ಟರ ಮುಂದೆ, ಹಾಲಿನವನ ಮುಂದೆ, ಅದೇ ಮಾತು. ಈಗ ಬಂದದ್ದು ಬೇರೆ ಮಾತು.

"ಮಗಳೇ, ಅಕ್ಷರದ ತಾಯಚ್ಚು ಅಂತ ಇರುತ್ತೆ, ತಾಮ್ರದ್ದು. ಅದನ್ನ ಯಂತ್ರದ ಬಾಯಿಗೆ ಇಟ್ಟು ಸೀಸ ಹೊಯ್ತಿದ್ವಿ. ಇಡುವಾಗ ಕಾಲು ಯಾವ ಕಡೆ ಅಂತ ನೋಡಿ ಇಡಬೇಕು. ಎ ಆದ್ರೆ ಕುರುಡನಿಗೂ ಗೊತ್ತಾಗುತ್ತೆ. ಎಸ್ಸು..." ಅವರು ಗಾಳಿಯಲ್ಲಿ ಬೆರಳಿನಿಂದ ಒಂದು ಎಸ್ ಬರೆದು, ಅದನ್ನು ತಿರುಗಿಸಿದರು. "ಹೊಸ ಅಕ್ಷರ. ಅವಸರ. ತಲೆಕೆಳಗಿಟ್ಟುಬಿಟ್ಟೆ. ಆಮೇಲೆ ಪ್ರತಿ ಸಲವೂ ಹಳೇ ಮೊಳೆ ನೋಡಿ ಹಾಗೇ ಇಟ್ಟೆ."

"ಯಾರಿಗೂ ಗೊತ್ತಾಗಲಿಲ್ವಾ?"

"ನನಗೇ ಗೊತ್ತಾಗಿದ್ದು ಆರು ವರ್ಷ ಆದ್ಮೇಲೆ. ತಾಯಚ್ಚುಗಳನ್ನ ತೊಳೀತಾ ಕೂತಿದ್ದೆ. ಪ್ರತಿಯೊಂದರ ಕಾಲ ಹತ್ತಿರ ಒಂದು ಅಂಕಿ ಕೊರೆದಿರುತ್ತೆ. ಅವತ್ತು ಎಸ್ಸನ್ನ ಯಂತ್ರದಿಂದ ತೆಗೀವಾಗ ನೋಡ್ತೀನಿ, ಅಂಕಿ ಮೇಲುಗಡೆ!"

"ಆಮೇಲೆ?"

"ಆಮೇಲೇನು? ಯಾರಿಗೂ ಹೇಳದೆ ಸರಿ ಮಾಡಿಟ್ಟು ಒಂದು ಕಂತು ಹೊಯ್ದೆ. ದೊಡ್ಡ ಪ್ರೆಸ್ಸಿಗೆ ಹೋಯ್ತು. ಮೂರನೇ ದಿನಕ್ಕೆ ವಾಪಸ್ ಬಂತು. ಎಸ್ ತಲೆಕೆಳಗಾಗಿದೆ ಅಂತ! ಮಾಲೀಕ ಎಲ್ಲರ ಮುಂದೆ ನಿಲ್ಲಿಸಿ, ಕಣ್ಣೇನು ಮನೇಲಿಟ್ಟು ಬಂದಿದ್ಯಾ ಅಂದ."

ಸೊಸೆ ಪೊಟ್ಟಣದ ಕಾಗದ ಕೈಗೆತ್ತಿಕೊಂಡಳು. "ಹೇಳಬೇಕಿತ್ತಲ್ಲ ಮಾವ, ಇದೇ ಸರಿ ಅಂತ!"

"ಹೇಗೆ ಹೇಳಲಿ? ಇದು ಸರಿ ಅನ್ನಬೇಕಾದ್ರೆ ಆರು ವರ್ಷದ್ದು ತಪ್ಪು ಅನ್ನಬೇಕು. ತಪ್ಪು ಮಾಡಿದಾಗ ಯಾರೂ ಬೈಲಿಲ್ಲ. ಸರಿ ಮಾಡಿದ್ದಕ್ಕೆ ಬೈಸ್ಕೊಂಡೆ. ಮತ್ತೆ ತಿರುಗಿಸಿಟ್ಟೆ. ಕಾರ್ಖಾನೆ ಮುಚ್ಚೋವರೆಗೂ ಹಾಗೇ ಹೊಯ್ದೆ."

"ಬರೆದವರು?"

"ಒಂದೇ ಸಲ ಬಂದಿದ್ರು. ಅಚ್ಚಾದ ಹಾಳೆ ನೋಡಿದ್ರು. ನನ್ನ ನೋಡಿದ್ರು. ಏನೂ ಅನ್ನದೆ ಟೋಪಿ ಹಾಕ್ಕೊಂಡು ಹೋದ್ರು. ಎರಡು ಬೈದಿದ್ರೆ ಹಗುರ ಆಗ್ತಿತ್ತು."

ಹಲ್ಲುನೋವು ಬಂದವರ ಮುಖ ಅವಳಿಗೆ ಈಗ ಅರ್ಥವಾಯಿತು. ಎಸ್ ಯಾಕೆ ಒಂದು ಕೂದಲೆಳೆ ಮೇಲೆ ನಿಲ್ಲುತ್ತಿತ್ತು ಅನ್ನುವುದೂ: ತಲೆಕೆಳಗಿಟ್ಟ ಅಚ್ಚು ಸಾಲಿಗೆ ಸರಿಯಾಗಿ ಕೂರುವುದಿಲ್ಲ. ತಾನು ಧೈರ್ಯ ಅಂದದ್ದು ಒಂದು ಅವಸರದ ಕೈ. ಆ ಕೈ ಎದುರಿಗೇ ಕೂತು ಪೊಟ್ಟಣದ ದಾರ ಸುತ್ತುತ್ತಿತ್ತು.

"ಈಗ ನಾನೇನು ಮಾಡ್ಲಿ ಮಾವ? ತಿರುಗಿಸಲಾ, ಹಾಗೇ ಬಿಡಲಾ?"

"ನನ್ನ ಕೇಳಬೇಡ. ನಂಗೆ ಎರಡೂ ಕೈ ಸುಟ್ಟಿದೆ" ಅಂದು ಮಾವ ಎದ್ದು ಹೋದರು. ಅವತ್ತು ಹಾಲಿನವನು ಬಂದಾಗ ಅವರ ಬಾಯಿಂದ ಆ ಹಳೆಯ ಮಾತು ಬರಲಿಲ್ಲ. ಹಾಲಿನವನೇ ಹೆದರಿ, "ಯಜಮಾನರಿಗೆ ಹುಷಾರಿಲ್ವಾ?" ಅಂತ ಕೇಳಿದ.

ಎರಡು ದಿನ ಸೊಸೆ ಎಸ್ಸನ್ನು ತಿರುಗಿಸಿ ನೋಡಿದಳು. ತಿರುಗಿಸಿದ ಕೂಡಲೇ ಬಿ, ಆರ್, ಮೂರು, ಎಂಟು, ಎಲ್ಲವೂ ಮದುವೆಮನೆಗೆ ವಿಳಾಸ ತಪ್ಪಿ ಬಂದವರ ಹಾಗೆ ಕಂಡವು. ಅವನ್ನೂ ಸರಿಪಡಿಸಿದಳು. ಆಗ ಎಲ್ಲವೂ ಸರಿಯಾಯಿತು, ಮತ್ತು ಯಾರ ಅಕ್ಷರ ಬೇಕಾದರೂ ಆಗಬಹುದಾದಂಥ ಅಕ್ಷರವಾಯಿತು. ಬಿಸಿನೀರಿನ ಹಾಗೆ: ಕುಡಿಯಬಹುದು, ರುಚಿ ಇಲ್ಲ. ವಾಪಸ್ ತಿರುಗಿಸಿದರೆ ತಪ್ಪಿನ ಮೇಲೆ ಮನೆ ಕಟ್ಟಿದ ಹಾಗೆ. ಬರೆದವರಿಗೆ ಮೋಸ ಮಾಡಿದ ಹಾಗೆ. ಆದರೆ ಊರು ಓದಿದ್ದು ಯಾರು ಬರೆದದ್ದನ್ನು, ಯಾರು ಎರೆದದ್ದನ್ನು?

ಗಂಡನಿಗೆ ಎಲ್ಲ ಹೇಳಿದಳು. ಅವನು ಒಂದು ದವಡೆಯನ್ನು ಉಜ್ಜುತ್ತ ಕೇಳಿಸಿಕೊಂಡ.

"ನನ್ನ ಹತ್ರ ಒಬ್ಬಳು ಮೇಷ್ಟ್ರಮ್ಮ ಬರ್ತಾಳೆ" ಅಂದ. "ಮೊದಲನೇ ಸೆಟ್ಟಿನಲ್ಲಿ ಮುಂದಿನ ಹಲ್ಲು ಸ್ವಲ್ಪ ಓರೆ ಕೂತಿತ್ತು. ನನ್ನದೇ ತಪ್ಪು. ಹತ್ತು ವರ್ಷ ಆದ್ಮೇಲೆ ಹೊಸ ಸೆಟ್ಟು ಮಾಡುವಾಗ ನೆಟ್ಟಗೆ ಕೂರಿಸ್ದೆ. ಮಾರನೇ ದಿನ ಬಂದು ಅತ್ಲು. ಕ್ಲಾಸಲ್ಲಿ ಮಕ್ಕಳು ಗುರುತೇ ಹಿಡೀಲಿಲ್ವಂತೆ."

"ಓರೆ ಮಾಡಿಕೊಟ್ರಾ?"

"ಹೂಂ."

"ಹಾಗಾದ್ರೆ ನಾನೂ ಹಾಗೇ ಬಿಡ್ಬೇಕು ಅಂತೀರಾ?"

"ನಾನೆಲ್ಲಿ ಹಾಗಂದೆ? ಅವಳ ತಂಗಿಗೂ ಓರೆ ಕೂರಿಸ್ದೆ, ಅಕ್ಕನಿಗೆ ಇಷ್ಟ ಆಯ್ತಲ್ಲ ಅಂತ. ಅವಳು ಸೆಟ್ಟನ್ನ ನನ್ನ ಮುಖಕ್ಕೇ ಎಸೆದ್ಲು." ಮತ್ತೆ ದವಡೆ ಉಜ್ಜತೊಡಗಿದ. ಈ ಮನುಷ್ಯನ ಹತ್ತಿರ ಬುದ್ಧಿ ಕೇಳಲು ಹೋದದ್ದು ತನ್ನದೇ ತಪ್ಪು ಅಂದುಕೊಂಡಳು ಸೊಸೆ.

ಶುಕ್ರವಾರ ಬಂತು. ಶುಕ್ರವಾರಗಳ ಗುಣವೇ ಅದು, ನಮ್ಮ ಗೊಂದಲ ತೀರಲಿ ಅಂತ ಕಾಯುವುದಿಲ್ಲ. ಅವಳು ತಲೆದಪ್ಪ ಎಸ್ ಇರುವುದನ್ನೇ ಕಳಿಸಿದಳು. ಅದು ಸರಿ ಅನ್ನಿಸಿ ಅಲ್ಲ, ಮೊದಲು ಕೈಗೆ ಸಿಕ್ಕಿದ್ದು ಅದು. ಮಾವನ ಎದುರು ಹೋಗಿ, "ಹಾಗೇ ಬಿಟ್ಟೆ ಮಾವ" ಅಂದಳು. ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅವರು ಒಂದು ಮಾತು ಅಂದಿದ್ದರೆ ಸಾಕಿತ್ತು. ಬೈದಿದ್ದರೂ ಸಾಕಿತ್ತು.

ನಾಲ್ಕು ತಿಂಗಳಾದ ಮೇಲೆ ಮೊದಲ ನಿಲ್ದಾಣದ ಬೋರ್ಡು ಹಾಕುವ ದಿನ ಬಂತು. ಮನೆಯಿಂದ ಹತ್ತು ನಿಮಿಷದ ದಾರಿ. ಬೋರ್ಡು ಅಂದರೆ ಹಲಗೆಯಲ್ಲ, ಮೊಳದುದ್ದದ ತಗಡಿನ ಅಕ್ಷರಗಳನ್ನು ಒಂದೊಂದಾಗಿ ಗೋಡೆಗೆ ಕೂರಿಸುವುದು. ನಿಲ್ದಾಣದ ಹೆಸರಿನಲ್ಲಿ ಎರಡು ಎಸ್ ಇದ್ದವು. "ನಾನೂ ಬರ್ತೀನಿ" ಅಂದರು ಮಾವ. ಅವಳಿಗೆ ಆಶ್ಚರ್ಯ. ಕೈ ಹಿಡಿದು ಕರೆದುಕೊಂಡು ಹೋದಳು.

ಏಣಿಯ ಮೇಲೆ ಬೋರ್ಡಿನವನು, ಐವತ್ತು ದಾಟಿದ ಆಸಾಮಿ, ಬಾಯಲ್ಲಿ ನಾಲ್ಕು ಸ್ಕ್ರೂ ಕಚ್ಚಿಕೊಂಡು ಕೆಲಸ ಮಾಡುತ್ತಿದ್ದ. ಮೊದಲನೆಯ ಎಸ್ ಆಗಲೇ ಗೋಡೆಯ ಮೇಲಿತ್ತು. ಸೊಸೆ ತಲೆಯೆತ್ತಿ ನೋಡಿದಳು. ತಲೆ ಸಣ್ಣ, ಬುಡ ದಪ್ಪ.

"ಏನ್ರೀ ಇದು! ಎಸ್ ತಲೆಕೆಳಗಾಗಿದೆ!"

ಅವನು ಸ್ಕ್ರೂ ಅಂಗೈಗೆ ಉಗುಳಿಕೊಂಡ. "ತಲೆಕೆಳಗಾಗಿತ್ತು ಅಮ್ಮಾ, ನಾನು ನೆಟ್ಟಗೆ ಮಾಡಿದ್ದೀನಿ. ನಕ್ಷೆ ಬರೆದವರಿಗೆ ಬುದ್ಧಿ ಬೇಡ್ವಾ, ದಪ್ಪ ಭಾಗ ಮೇಲೆ ತೋರಿಸಿದ್ದಾರೆ."

"ನಕ್ಷೆ ಬರೆದವಳು ನಾನೇ!"

"ಓಹ್" ಅಂದ ಅವನು. ಸ್ವಲ್ಪ ಹೊತ್ತು ನಾಚಿಕೊಂಡು, ಆಮೇಲೆ ಧೈರ್ಯ ತಂದುಕೊಂಡ. "ಇರ್ಲಿ ಬಿಡಿ, ಎಲ್ಲರಿಗೂ ಆಗುತ್ತೆ. ಇಪ್ಪತ್ತೆಂಟು ವರ್ಷದಿಂದ ಬೋರ್ಡ್ ಹಾಕ್ತಿದ್ದೀನಿ ಅಮ್ಮಾ, ನನ್ನ ಕೈಯಿಂದ ಒಂದೇ ಒಂದು ತಪ್ಪಕ್ಷರ ಬಿದ್ದಿಲ್ಲ."

ಪಕ್ಕದಲ್ಲಿ ಮಾವ ಕೆಮ್ಮಿದರು. ಅದು ಕೆಮ್ಮಲ್ಲ, ನಗು.

"ನಿಮಗೆ ನಗು ಬರ್ತಿದೆಯಾ ಮಾವ?" ಅವಳು ಫೋನು ತೆಗೆದಳು, ಇಂಜಿನಿಯರಿಗೆ ದೂರು ಹೇಳಲು. ನಂಬರು ಒತ್ತಬೇಕು, ಏನಂತ ಹೇಳುವುದು? ಸಾರ್, ಅವನು ಸರಿಯಾಗಿ ಹಾಕಿಬಿಟ್ಟಿದ್ದಾನೆ, ವಾಪಸ್ ತೆಗೆಸಿ ಅಂತಲೇ? ಕೆಂಪು ಶಾಯಿಯ ಪೊಟ್ಟಣ ಕಣ್ಣ ಮುಂದೆ ಬಂತು. ಫೋನು ಕೈಯಲ್ಲೇ ಉಳಿಯಿತು.

"ಇನ್ನೊಂದು ಇಲ್ಲಿದೆ ನೋಡಿ. ಬೇಗ ಹೇಳಿ, ಹೇಗೆ ಹಾಕ್ಲಿ?" ಬೋರ್ಡಿನವನು ಎರಡನೆಯ ಎಸ್ಸನ್ನು ಕೆಳಗೆ ಚಾಚಿದ. ಅವಳು ಇಸಿದುಕೊಂಡು ತಿರುಗಿಸಿದಳು. ಇನ್ನೊಂದು ಸಲ ತಿರುಗಿಸಿದಳು. ಎರಡು ವರ್ಷ ಇದನ್ನೇ ನೋಡಿದವಳಿಗೆ ಬಿಸಿಲಿಗೆ ಹೊಳೆಯುವ ಆ ತಗಡಿನಲ್ಲಿ ಮೇಲು ಯಾವುದು, ಕೆಳಗು ಯಾವುದು ಅನ್ನುವುದು ಆಣೆಗೂ ತಿಳಿಯಲಿಲ್ಲ.

"ಕೊಡಿಲ್ಲಿ" ಅಂದರು ಮಾವ.

ಎಸ್ಸನ್ನು ಮಗುವಿನ ಹಾಗೆ ಎದೆಗೊರಗಿಸಿಕೊಂಡರು. ಹೆಬ್ಬೆರಳು ಅಭ್ಯಾಸಬಲದಿಂದ ಪಕ್ಕವನ್ನು ತಡಕಿತು. "ಕಚ್ಚೇ ಇಲ್ವಲ್ಲ ಇದಕ್ಕೆ" ಅಂದರು ಬೇಸರದಿಂದ. ಆಮೇಲೆ ಗೇಣು ಹಾಕಿ ಒಂದು ಸುತ್ತು ಅಳೆದರು, ಇನ್ನೊಂದು ಸುತ್ತು ಅಳೆದರು. ಮತ್ತೆ ಮೊದಲನೆಯದು. ಜೇಬಿನಿಂದ ಮನೆಯ ಬೀಗದ ಕೈ ತೆಗೆದು, ಒಂದು ತುದಿಯ ಅಂಚಿನ ಮೇಲೆ ಗಟ್ಟಿಯಾಗಿ ಎಳೆದರು. ಕಿರ್ ಅಂತ ಸದ್ದಾಯಿತು. ಬೆಳ್ಳಗೆ ಒಂದು ಕಚ್ಚು ಬಿತ್ತು.

"ಕಚ್ಚು ಇದ್ದ ಕಡೆ ಕಾಲು" ಅಂದು ಬೋರ್ಡಿನವನಿಗೆ ಕೊಟ್ಟರು.

ಸೊಸೆ ನೋಡಿದಳು. ಕಚ್ಚು ಬಿದ್ದಿದ್ದು ಸಣ್ಣ ಸುತ್ತಿನ ಕಡೆ.

"ಮಾವ! ಇದು ನಿಮ್ಮ... ಗೊತ್ತಿದ್ದೇ ಹಾಕಿದ್ರಾ?"

"ಮೊದಲು ಗೊತ್ತಿಲ್ದೆ ಹಾಕಿದ್ದೆ. ಆಮೇಲೆ ಹೆದರ್ಕೊಂಡು ಹಾಕ್ದೆ. ಒಂದು ಸಲ ಇಷ್ಟಪಟ್ಟು ಹಾಕ್ತೀನಿ, ಬಿಡು."

ಬೋರ್ಡಿನವನು ಗೊಣಗುತ್ತಲೇ ಕೂರಿಸಿದ. "ಹಾಗಾದ್ರೆ ಮೊದಲನೇದು ಬಿಚ್ಚಿ ತಿರುಗಿಸ್ಬೇಕಾ ಯಜಮಾನ್ರೇ?"

"ಬೇಡ. ಅದು ಬರೆದವರದ್ದು. ಅವರಿಗೆ ಇಷ್ಟು ವರ್ಷ ಒಂದೂ ಸಿಕ್ಕಿರಲಿಲ್ಲ. ಇರಲಿ."

"ಒಂದೇ ಹೆಸರಲ್ಲಿ ಎರಡು ಥರದ ಎಸ್ಸಾ?" ಸೊಸೆ ಕೇಳಿದಳು. "ಇಂಜಿನಿಯರ್ ಬಂದು ಕೇಳಿದ್ರೆ ಏನು ಹೇಳ್ಲಿ? ಜನ ನೋಡಿ ಏನಂತಾರೆ?"

"ಕೇಳು ಮತ್ತೆ" ಅಂದರು ಮಾವ.

ಅವಳು ಪಕ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದ ಹೆಂಗಸನ್ನು ಕೇಳಿದಳು, ಆ ಬೋರ್ಡಿನಲ್ಲಿ 'ಏನಾದರೂ ತಪ್ಪು ಕಾಣುತ್ತದಾ' ಅಂತ. ಹೆಂಗಸು ಚೀಲವನ್ನು ಕೈ ಬದಲಾಯಿಸಿಕೊಂಡು ಬಹಳ ಹೊತ್ತು ನೋಡಿದಳು. "ಹೆಸರು ಸರಿಯಾಗೇ ಇದೆಯಲ್ಲ" ಅಂದಳು. "ಬಸ್ಸು ಮಾತ್ರ ತಡ."

ಬಸ್ಸು ಬಂತು. ಬೋರ್ಡಿಗೂ ಅವಳಿಗೂ ನಡುವೆ ನಿಂತು, ಜನರನ್ನು ಇಳಿಸಿ, ಹತ್ತಿಸಿಕೊಂಡು ಹೋಯಿತು. ಹೊಗೆ ಚದುರಿದ ಮೇಲೆ ಸೊಸೆ ಮತ್ತೆ ತಲೆಯೆತ್ತಿದಳು. ಬರೆದವರದು ಯಾವುದು, ಮಾವನದು ಯಾವುದು? ಮೊದಲನೆಯದು ಬರೆದವರದಲ್ಲವೇ? ಅಥವಾ ಎರಡನೆಯದೋ? ಕತ್ತು ಈ ಕಡೆ ವಾರೆ ಮಾಡಿದಳು, ಆ ಕಡೆ ವಾರೆ ಮಾಡಿದಳು.

"ಮಾವ, ನೀವು ಕಚ್ಚು ಹಾಕಿದ್ದು ಯಾವುದಕ್ಕೆ?"

ಮಾವ ಆಗಲೇ ಕೋಲೂರಿಕೊಂಡು ಮನೆಯ ದಾರಿ ಹಿಡಿದಿದ್ದರು. ಹಾಲಿನವನು ಎದುರಿಗೆ ಸೈಕಲ್ಲು ತಳ್ಳಿಕೊಂಡು ಬರುತ್ತಿದ್ದ. ಅವನನ್ನು ನಿಲ್ಲಿಸಿಕೊಂಡು ಅವರು ಗಟ್ಟಿಯಾಗಿ ಹೇಳುತ್ತಿದ್ದದ್ದು ಇಲ್ಲಿಗೂ ಕೇಳಿಸಿತು: "ಮೂವತ್ತನಾಲ್ಕು ವರ್ಷದಲ್ಲಿ ಒಂದೇ ಒಂದು ಅಕ್ಷರ ಕಣಯ್ಯಾ ನಾನು ತಪ್ಪು ಹೊಯ್ದಿದ್ದು. ಬಾ, ತೋರಿಸ್ತೀನಿ. ಗೋಡೆ ಮೇಲೆ ಹಾಕಿದ್ದಾರೆ."